ಕೊಂಡ ಬೆಲೆ, ಉಳಿದ ದನಿ

ಕೊಲ್ಲೂರಿಗೆ ಸಂಸಾರ ಸಮೇತ ಬರುವವರ ಕೈಯಲ್ಲಿ ವಿಡಿಯೋ ಕ್ಯಾಮೆರಾ ಕಾಣಿಸಿಕೊಳ್ಳತೊಡಗಿ ಸುಮಾರು ನಲವತ್ತು ವರ್ಷಗಳಾದವು. ಹರಕೆ ತೀರಿಸಲು, ಮಗುವಿಗೆ ಅಕ್ಷರಾಭ್ಯಾಸ ಮಾಡಿಸಲು ಬಂದವರು ಸೌಪರ್ಣಿಕೆಯ ಮೆಟ್ಟಿಲ ಮೇಲೆ, ರಥಬೀದಿಯಲ್ಲಿ, ಕೊಡಚಾದ್ರಿಯ ತುದಿಯಲ್ಲಿ, ಮರಳುವ ದಾರಿಯಲ್ಲಿ ಮರವಂತೆಯ ಕಡಲತಡಿಯಲ್ಲಿ ತಮ್ಮವರನ್ನು ನಿಲ್ಲಿಸಿ ಚಿತ್ರ ತೆಗೆದುಕೊಂಡಿದ್ದಾರೆ. ಇದಕ್ಕೆ ಯಾವ ಕ್ಯಾಮೆರಾ ಕೊಳ್ಳಬೇಕು, ಎಷ್ಟರೊಳಗೆ ಕೊಳ್ಳಬಹುದು ಎಂಬ ಲೆಕ್ಕಾಚಾರ ಮಧ್ಯಮ ವರ್ಗದ ಮನೆಗಳಲ್ಲಿ ಪ್ರತಿ ತಲೆಮಾರಿಗೂ ಹೊಸದಾಗಿ ನಡೆದಿದೆ. ಆ ಲೆಕ್ಕಾಚಾರದ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಅಗ್ಗದ ಕ್ಯಾಮೆರಾ ಯಾವುದೆಂಬುದನ್ನು ಅಂಗಡಿಯ ಬೆಲೆಚೀಟಿ ತೀರ್ಮಾನಿಸಲೇ ಇಲ್ಲ. ಊರಿನಲ್ಲಿ ಉಳಿದ ಹಿರಿಯರು ಇನ್ನೊಬ್ಬರ ನೆರವಿಲ್ಲದೆ ಹಾಕಿ ನೋಡಬಹುದಾದದ್ದು, ಮುಂದಿನ ತಲೆಮಾರು ಸುಲಭವಾಗಿ ನಕಲು ಮಾಡಿಕೊಳ್ಳಬಹುದಾದದ್ದು ಯಾವುದೋ ಅದೇ ಅಗ್ಗ. ಈ ಅಳತೆಗೋಲನ್ನು ಮರೆತಾಗಲೆಲ್ಲ ಕಡಿಮೆ ಬೆಲೆಗೆ ಕೊಂಡ ಕ್ಯಾಮೆರಾವೇ ಅತಿ ದುಬಾರಿಯಾಯಿತು.

ವಿಡಿಯೋ ಬರುವ ಮೊದಲು ಚಲಿಸುವ ಚಿತ್ರ ತೆಗೆಯುವುದು ಬಹಳ ಕಡಿಮೆ ಜನರ ಹವ್ಯಾಸವಾಗಿತ್ತು. ಕೋಟದ ಶಿವರಾಮ ಕಾರಂತರು 1930ರ ಸುಮಾರಿಗೇ ಮೂಕಿ ಚಿತ್ರಗಳ ತಯಾರಿಕೆಗೆ ಕೈಹಾಕಿದ್ದರು. ಆದರೆ ಆ ಸಾಹಸ ಸಾಮಾನ್ಯ ಗೃಹಸ್ಥನ ಅಳವಿನದಲ್ಲ. 1965ರಲ್ಲಿ ಕೊಡಾಕ್ ಕಂಪನಿ ತಂದ ಸೂಪರ್ 8 ಫಿಲ್ಮು ಮನೆಬಳಕೆಗೆಂದೇ ರೂಪುಗೊಂಡದ್ದು. 50 ಅಡಿಯ ಒಂದು ಸುರುಳಿಯಲ್ಲಿ ಹಿಡಿಯುತ್ತಿದ್ದುದು ಹೆಚ್ಚೆಂದರೆ ಮೂರು ನಿಮಿಷ ಚಿಲ್ಲರೆ. ಅದನ್ನು ತೊಳೆಯಲು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕು, ನೋಡಲು ಪ್ರೊಜೆಕ್ಟರ್ ಬೇಕು. ಹೀಗಾಗಿ ಪ್ರವಾಸದ ನೆನಪೆಂದರೆ ಸ್ಟುಡಿಯೋದವರು ತೆಗೆದ ಕಪ್ಪುಬಿಳುಪು ಫೋಟೋ ಎಂದೇ ಆಗಿತ್ತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು, ಟಿ.ವಿ. ಸೆಟ್ಟುಗಳ ಆಮದಿಗೆ ಸಡಿಲಿಕೆ ಸಿಕ್ಕಿತು. ಮನೆಯಲ್ಲಿ ಟಿ.ವಿ., ಅದರ ಪಕ್ಕದಲ್ಲಿ ವಿ.ಸಿ.ಆರ್. ಕೂತ ಮೇಲಷ್ಟೇ ಕ್ಯಾಮೆರಾ ಕೊಳ್ಳುವ ಮಾತಿಗೆ ಅರ್ಥ ಬಂತು. ಕ್ರಮವನ್ನು ಗಮನಿಸಬೇಕು: ನೋಡುವ ಯಂತ್ರ ಮೊದಲು ಬಂತು, ತೆಗೆಯುವ ಯಂತ್ರ ಆಮೇಲೆ. ಆಯ್ಕೆಯ ಇತಿಹಾಸಕ್ಕೆ ಈ ಕ್ರಮವೇ ಕೀಲಿಕೈ.

ಕುಂದಾಪುರ, ಬೈಂದೂರು ಸೀಮೆಗೆ ಈ ಯಂತ್ರಗಳು ಬಂದದ್ದು ಬಹುಪಾಲು ಹೊರಗೆ ದುಡಿಯುತ್ತಿದ್ದವರ ಪೆಟ್ಟಿಗೆಗಳಲ್ಲಿ. ಹೋಟೆಲ್ ಉದ್ಯಮಕ್ಕೆಂದು ಮುಂಬಯಿಗೆ ಹೋದವರು ಮಕ್ಕಳ ಬೇಸಿಗೆ ರಜೆಯಲ್ಲಿ ಊರಿಗೆ ಬರುವುದು, ಬಂದಾಗ ಕೊಲ್ಲೂರಮ್ಮನ ದರ್ಶನ ಮಾಡುವುದು ಹಳೆಯ ಪದ್ಧತಿ. 1970ರ ದಶಕದ ತೈಲದ ಏರುಗಾಲದಲ್ಲಿ ಗಲ್ಫ್ ದೇಶಗಳಿಗೆ ಹೋದವರು ಇವರೊಂದಿಗೆ ಸೇರಿದರು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಗಲ್ಫಿನವರೂ ಸಾಮಾನ್ಯವಾಗಿ ಮುಂಬಯಿಯಲ್ಲಿ ಇಳಿದು, ಕಸ್ಟಮ್ಸ್ ಸುಂಕದ ಸಾಲು ದಾಟಿ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರಬೇಕಿತ್ತು. ಕ್ಯಾಮೆರಾದ ಬೆಲೆಗೆ ಈ ಸುಂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕಿತ್ತು. ಇಲ್ಲಿ ಸರ್ವೀಸ್ ಸಿಗದ ವಸ್ತುವಾದ್ದರಿಂದ ರಿಪೇರಿ ಬಂದರೆ ಮತ್ತೆ ಹೊರಟ ಊರಿಗೇ ಒಯ್ಯಬೇಕಿತ್ತು. ಇಷ್ಟು ತೊಡಕಿನ ನಡುವೆ ಯಾವುದನ್ನು ಆರಿಸುವುದು? ಸೋನಿಯ ಬೀಟಾಮೂವಿ 1983ರಲ್ಲಿ ಬಂತು. ಅದು ಚಿತ್ರ ತೆಗೆಯುತ್ತಿತ್ತೇ ಹೊರತು ತೆಗೆದದ್ದನ್ನು ತೋರಿಸುತ್ತಿರಲಿಲ್ಲ; ನೋಡಲು ಬೀಟಾಮ್ಯಾಕ್ಸ್ ವಿ.ಸಿ.ಆರ್. ಬೇಕು. 1984ರಲ್ಲಿ ಜೆ.ವಿ.ಸಿ. ತಂದ ಕ್ಯಾಮೆರಾದ ವಿ.ಎಚ್.ಎಸ್.-ಸಿ ಎಂಬ ಪುಟ್ಟ ಕ್ಯಾಸೆಟ್ಟನ್ನು ಒಂದು ಅಡಾಪ್ಟರಿನೊಳಗೆ ಕೂರಿಸಿದರೆ ಮನೆಯ ಸಾಮಾನ್ಯ ವಿ.ಎಚ್.ಎಸ್. ಯಂತ್ರದಲ್ಲೇ ಓಡುತ್ತಿತ್ತು. 1985ರಲ್ಲಿ ಸೋನಿಯ ವಿಡಿಯೋ 8 ಮಾದರಿಯ ಹ್ಯಾಂಡಿಕ್ಯಾಮ್ ಬಂತು, ಮುಂದೆ ಆ ಹೆಸರೇ ಯಾವ ಕಂಪನಿಯ ಕ್ಯಾಮೆರಾಕ್ಕಾದರೂ ಸಲ್ಲುವ ಮಾತಾಯಿತು. ಇಂಡಿಯಾದ ಮನೆಗಳಲ್ಲಿ, ಬಾಡಿಗೆಗೆ ಕ್ಯಾಸೆಟ್ ಕೊಡುವ ಅಂಗಡಿಗಳಲ್ಲಿ, ಮದುವೆ ವಿಡಿಯೋದವರ ಭುಜದ ಮೇಲೆ ನೆಲೆಯಾದದ್ದು ಮಾತ್ರ ವಿ.ಎಚ್.ಎಸ್.

ವಿಡಿಯೋ 8ರ ಪರವಾಗಿ ಬಲವಾದ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ವಿ.ಎಚ್.ಎಸ್.-ಸಿ ಕ್ಯಾಸೆಟ್ಟಿನಲ್ಲಿ ಮೊದಲಿಗೆ ಹಿಡಿಯುತ್ತಿದ್ದುದು ಅರ್ಧ ತಾಸು, ವಿಡಿಯೋ 8ರಲ್ಲಿ ಒಂದೂವರೆ ತಾಸು. 1989ರಲ್ಲಿ ಬಂದ ಸಿ.ಸಿ.ಡಿ.-ಟಿ.ಆರ್.55 ಎಂಬ ಹ್ಯಾಂಡಿಕ್ಯಾಮಿನ ತೂಕ 790 ಗ್ರಾಂ. ಕೊಡಚಾದ್ರಿ ಹತ್ತುವವನಿಗೆ ಹಗುರ ಕ್ಯಾಮೆರಾ ಎಷ್ಟು ದೊಡ್ಡ ಉಪಕಾರವೆಂದು ಬಿಡಿಸಿ ಹೇಳಬೇಕಿಲ್ಲ. ಕ್ಯಾಮೆರಾವನ್ನೇ ವೈರಿನ ಮೂಲಕ ಟಿ.ವಿ.ಗೆ ಜೋಡಿಸಿ ನೋಡಬಹುದು, ಬೇಕಾದರೆ ವಿ.ಎಚ್.ಎಸ್.ಗೆ ನಕಲು ಇಳಿಸಬಹುದು ಎಂಬುದೂ ನಿಜ. ಆದರೆ ರಜೆ ಮುಗಿದ ಮೇಲೆ ಕ್ಯಾಮೆರಾ ಒಡೆಯನೊಂದಿಗೆ ಮುಂಬಯಿಗೋ ಮಸ್ಕತ್ತಿಗೋ ಮರಳುತ್ತಿತ್ತು. ನಕಲು ಇಳಿಸದೆ ಬಿಟ್ಟರೆ ಅಜ್ಜ ಅಜ್ಜಿಯರ ಪಾಲಿಗೆ ಮೊಮ್ಮಗಳ ಓಡಾಟವಿದ್ದ ಕ್ಯಾಸೆಟ್ಟು ಬರೀ ಪ್ಲಾಸ್ಟಿಕ್ ಡಬ್ಬಿ. ಅಮೆರಿಕದಿಂದ ಬಂದವರ ಕಷ್ಟ ಇನ್ನೂ ಹೆಚ್ಚು. ಅಲ್ಲಿಯದು 525 ಗೆರೆಗಳ ಎನ್.ಟಿ.ಎಸ್.ಸಿ. ಪದ್ಧತಿ, ಇಲ್ಲಿಯದು 625 ಗೆರೆಗಳ ಪಾಲ್ ಪದ್ಧತಿ. ಎರಡನ್ನೂ ಓದಬಲ್ಲ ಮಲ್ಟಿಸಿಸ್ಟಮ್ ಯಂತ್ರವಿಲ್ಲದ ಮನೆಯಲ್ಲಿ ಅಲ್ಲಿಯ ವಿ.ಎಚ್.ಎಸ್. ಕ್ಯಾಸೆಟ್ಟೂ ಸರಿಯಾಗಿ ಓಡುತ್ತಿರಲಿಲ್ಲ. ಡಾಲರಿನಲ್ಲಿ ಕೊಂಡಾಗ ಬಹಳ ಅಗ್ಗವೆನಿಸಿದ ಕ್ಯಾಮೆರಾ ಊರಿನ ಜಗಲಿಗೆ ಬಂದಾಗ ಮೂಕವಾಗುತ್ತಿತ್ತು.

ಕೊಲ್ಲೂರಿನ ನೆಲಹವೆಯೂ ಈ ಆಯ್ಕೆಯಲ್ಲಿ ತನ್ನ ಮಾತು ಹೇಳುತ್ತದೆ. ಘಟ್ಟದ ಬುಡದ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದು ಕಡಿಮೆ, ಉಳಿದ ತಿಂಗಳುಗಳಲ್ಲೂ 1343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲೆ ಮಂಜು ಕವಿಯುತ್ತದೆ. ಟೇಪಿನ ಕ್ಯಾಮೆರಾದೊಳಗೆ ತಿರುಗುವ ಹೆಡ್ಡಿನ ಮೇಲೆ ತೇವ ಕೂತರೆ ಟೇಪು ಅಂಟಿ ಹರಿಯುತ್ತದೆ. ಅದನ್ನು ತಪ್ಪಿಸಲು ಅನೇಕ ಮಾದರಿಗಳು ಇಬ್ಬನಿಯ ಎಚ್ಚರಿಕೆ ತೋರಿಸಿ ತಾವಾಗಿಯೇ ನಿಂತುಬಿಡುತ್ತಿದ್ದವು. ಎಷ್ಟೇ ಬೆಲೆ ತೆತ್ತಿದ್ದರೂ ಒಣಗುವವರೆಗೆ ಕಾಯದೆ ಗತಿಯಿರಲಿಲ್ಲ. ಇನ್ನು ಮಂದ ಬೆಳಕಿನ ಮಾತು. ಆ ಕಾಲದ ಜಾಹೀರಾತುಗಳು ಇಷ್ಟೇ ಲಕ್ಸ್ ಬೆಳಕಿದ್ದರೆ ಸಾಕು ಎಂದು ಪೈಪೋಟಿಯಲ್ಲಿ ಸಂಖ್ಯೆ ಇಳಿಸುತ್ತಿದ್ದವು; ಪೂರ್ತಿ ಕತ್ತಲಲ್ಲೂ ಚಿತ್ರ ತೆಗೆಯುವ ಅನುಕೂಲ 1990ರ ದಶಕದ ಕೊನೆಗೆ ಬಂತು. ದೀಪದ ಬೆಳಕಿನ ದೇವಸ್ಥಾನಕ್ಕೆ ಹೋಗುವವರಿಗೆ ಇದು ಆಕರ್ಷಕವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಕೊಲ್ಲೂರಿನಲ್ಲಿ ಗುಡಿಯ ಒಳಗೆ ಚಿತ್ರ ತೆಗೆಯುವಂತಿಲ್ಲ. ಸರಸ್ವತಿ ಮಂಟಪದಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುವ ಮೊದಲ ಅಕ್ಷರ, ಯಾವುದಕ್ಕಾಗಿ ಇಷ್ಟು ದೂರ ಬಂದರೋ ಆ ಗಳಿಗೆ, ಕ್ಯಾಮೆರಾಕ್ಕೆ ಸಿಗುವುದಿಲ್ಲ. ಹಾಗಾಗಿ ಇಲ್ಲಿಯ ಕುಟುಂಬದ ವಿಡಿಯೋಗಳೆಲ್ಲ ಹಗಲಿನವು, ಬಯಲಿನವು, ದಾರಿಯವು. ಕತ್ತಲ ಕಣ್ಣಿಗೆ, ಸಂಖ್ಯೆಯಲ್ಲಷ್ಟೇ ದೊಡ್ಡದಾದ ಡಿಜಿಟಲ್ ಜೂಮಿಗೆ ತೆತ್ತ ಹಣ ಈ ಪ್ರವಾಸದಲ್ಲಿ ಉಪಯೋಗಕ್ಕೆ ಬಾರದ ಹಣ. ಒಳ್ಳೆಯ ಮೈಕಿಗೆ, ಇನ್ನೊಂದು ಬ್ಯಾಟರಿಗೆ, ನಾಲ್ಕು ಖಾಲಿ ಕ್ಯಾಸೆಟ್ಟಿಗೆ ತೆತ್ತದ್ದು ಉಳಿದ ಹಣ.

1994ರಲ್ಲಿ ಸೋನಿ ಕಂಪನಿ ಇಂಡಿಯಾದಲ್ಲಿ ಶಾಖೆ ತೆರೆಯಿತು, 1995ರಲ್ಲಿ ಮಿನಿ ಡಿ.ವಿ. ಎಂಬ ಡಿಜಿಟಲ್ ಟೇಪು ಹುಟ್ಟಿತು, 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಬೈಂದೂರಿನ ನಿಲ್ದಾಣಕ್ಕೆ ಮೂಕಾಂಬಿಕಾ ರೋಡ್ ಎಂದೇ ಹೆಸರು ಬಂತು. ಕೇರಳದ ಭಕ್ತರಿಗೂ ಮುಂಬಯಿ ನಿವಾಸಿಗಳಿಗೂ ದಾರಿ ಸಲೀಸಾಯಿತು. ಮಿನಿ ಡಿ.ವಿ. ಈ ಕಾಲದ ಅತ್ಯುತ್ತಮ ಆಯ್ಕೆಯಾಗಿತ್ತೆಂದು ಈಗ ಧೈರ್ಯವಾಗಿ ಹೇಳಬಹುದು. ವಿ.ಎಚ್.ಎಸ್.ನ ಸುಮಾರು 240 ಗೆರೆಗಳ ಸ್ಪಷ್ಟತೆ ಅದರಲ್ಲಿ 500ಕ್ಕೆ ಏರಿತು. ಅದಕ್ಕಿಂತ ಮುಖ್ಯವಾಗಿ, ಕಂಪ್ಯೂಟರಿಗೆ ಇಳಿಸಿದಾಗ ನಕಲಿನಲ್ಲಿ ಒಂದಿಷ್ಟೂ ಮಾಸುತ್ತಿರಲಿಲ್ಲ. ಇದರ ಎದುರು ಕೆಲವೇ ವರ್ಷಗಳಲ್ಲಿ ಪುಟ್ಟ ಡಿ.ವಿ.ಡಿ.ಗೆ ನೇರ ಬರೆಯುವ ಕ್ಯಾಮೆರಾಗಳು ಬಂದವು. ಫೈನಲೈಸ್ ಮಾಡಲು ಮರೆತರೆ ಆ ಡಿಸ್ಕು ಬೇರೆ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಓಡುತ್ತಿರಲಿಲ್ಲ. ಬಳಿಕ ಆರಂಭದ ಫೋನ್ ಕ್ಯಾಮೆರಾಗಳ ಕಾಲ. ಅವುಗಳ ಎಷ್ಟೋ ವಿಡಿಯೋಗಳ ಅಳತೆ 176×144 ಬಿಂದುಗಳು, ಮಿನಿ ಡಿ.ವಿ.ಯದು 720×576. ಕೈಯಲ್ಲಿದ್ದ ಒಳ್ಳೆಯ ಟೇಪ್ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಫೋನಿಗೆ ಬದಲಾದ ಕುಟುಂಬದ 2005ರ ಪ್ರವಾಸ 1995ರದ್ದಕ್ಕಿಂತ ಮಸುಕಾಗಿ ಉಳಿಯಿತು. ಅಮೆರಿಕದಲ್ಲಿ ಬಡವರ ಕ್ಯಾಮ್‌ಕಾರ್ಡರ್ ಎಂಬಂತೆ ಹೆಸರು ಮಾಡಿದ್ದ ಫ್ಲಿಪ್ ಕೂಡ 2011ರಲ್ಲಿ ನಿಂತುಹೋಯಿತು. ಹೊಸದು ಎಂದರೆ ಮೇಲು, ಅಗ್ಗ ಎಂದರೆ ಲಾಭ ಎಂಬ ಎರಡು ನಂಬಿಕೆಗಳನ್ನೂ ಈ ಹದಿನೈದು ವರ್ಷಗಳು ಸುಳ್ಳು ಮಾಡಿವೆ.

ಇದೆಲ್ಲ ಆಗಿಹೋದ ಮೇಲೆ ಹೇಳುವ ಜಾಣ್ಮೆ, ಅಂದು ಕೊಂಡವನಿಗೆ ಯಾವ ಮಾದರಿ ಬಾಳುತ್ತದೆಂದು ತಿಳಿಯುವ ದಾರಿ ಎಲ್ಲಿತ್ತು ಎಂದು ಕೇಳಬಹುದು. ಮಾರುಕಟ್ಟೆಯ ಭವಿಷ್ಯ ಯಾರಿಗೂ ಗೊತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ನಾನು ಹೇಳುತ್ತಿರುವ ಪರೀಕ್ಷೆಗೆ ಭವಿಷ್ಯ ಗೊತ್ತಿರಬೇಕಾಗಿಲ್ಲ. ಊರಿನ ಮನೆಯಲ್ಲಿ ಯಾವ ಯಂತ್ರವಿದೆ, ನೆರೆಯವರ ಮನೆಯಲ್ಲಿ ಯಾವುದಿದೆ, ಪೇಟೆಯಲ್ಲಿ ಯಾವ ಕ್ಯಾಸೆಟ್ ಸಿಗುತ್ತದೆ ಎಂಬುದು ಕೊಳ್ಳುವ ದಿನವೇ ಕಣ್ಣೆದುರಿಗಿತ್ತು. ಹೆಚ್ಚು ಜನರ ಬಳಿ ಇರುವ ಯಂತ್ರ ಕೆಟ್ಟರೂ ಅಂಥದೇ ಇನ್ನೊಂದು ಎಲ್ಲಾದರೂ ಸಿಗುತ್ತದೆ. ವಿ.ಸಿ.ಆರ್. ತಯಾರಿಕೆ 2016ರಲ್ಲಿ ಕೊನೆಗೊಂಡರೂ ಹಳೆಯ ವಿ.ಎಚ್.ಎಸ್. ಯಂತ್ರಗಳು ಇನ್ನೂ ದೊರೆಯುವುದು ಅವು ಲೆಕ್ಕವಿಲ್ಲದಷ್ಟು ತಯಾರಾಗಿದ್ದವೆಂಬ ಕಾರಣಕ್ಕೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು: ದೇವಿಯ ಸನ್ನಿಧಿಗೆ ಬಂದವರಿಗೆ ಕ್ಯಾಮೆರಾದ ಹಂಗೇಕೆ, ಮನಸ್ಸಿನಲ್ಲಿ ಉಳಿದರೆ ಸಾಲದೇ? ದರ್ಶನದ ಮಟ್ಟಿಗೆ ಇದು ಸರಿಯಾದ ಮಾತು, ಗುಡಿಯ ನಿಯಮವೂ ಅದನ್ನೇ ಕಾಯುತ್ತದೆ. ಆದರೆ ವಿಡಿಯೋದಲ್ಲಿ ಉಳಿದಿರುವುದು ದೇವಿಯಲ್ಲ, ದೇವಿಯ ಬಳಿಗೆ ಬಂದ ಮನುಷ್ಯರು. ಜನವರಿ 10ರಂದು ತಮ್ಮ ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಹಾಡುತ್ತಿದ್ದ ಯೇಸುದಾಸ್ ಅವರ ಭೇಟಿಗಳನ್ನು ಸುದ್ದಿ ವಾಹಿನಿಗಳು ಉಳಿಸಿಕೊಂಡಾವು. ವಂಡ್ಸೆಯ ರೈತ ದಂಪತಿಯ ಭೇಟಿಯನ್ನು ಅವರ ಮಗನ ಕ್ಯಾಸೆಟ್ಟಲ್ಲದೆ ಬೇರೆ ಯಾರು ಉಳಿಸಬೇಕು? ಉಡುಪಿಯಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಈ ಕರಾವಳಿಯ ಆಟ, ಕೋಲಗಳನ್ನು ದಾಖಲಿಸಿತು. ಮನೆಯ ಮಾತುಕತೆಯನ್ನು ದಾಖಲಿಸಲು ಅಂಥ ಸಂಸ್ಥೆಯಿರಲಿಲ್ಲ, ಆ ಕೆಲಸವನ್ನು ಹ್ಯಾಂಡಿಕ್ಯಾಮು ತನಗೇ ಅರಿವಿಲ್ಲದೆ ಮಾಡಿತು.

ಫೋನು ಎಲ್ಲರ ಜೇಬಿನಲ್ಲಿರುವಾಗ ಈ ಚರ್ಚೆಯೇ ಮುಗಿಯಿತಲ್ಲ ಎಂಬುದು ಕೊನೆಯ ಆಕ್ಷೇಪ. ತೆಗೆಯುವ ಖರ್ಚಿನ ಮಟ್ಟಿಗೆ ಮುಗಿದಿದೆ, ಉಳಿಸುವ ಹೊಣೆ ಮುಗಿದಿಲ್ಲ. ವಾಟ್ಸ್ಆಪ್‌ನಲ್ಲಿ ಕುಗ್ಗಿದ ನಕಲೊಂದೇ ಉಳಿದು ಮೂಲ ಅಳಿದುಹೋದರೆ ಎಂಬತ್ತರ ದಶಕದ ತಪ್ಪನ್ನೇ ಬೇರೆ ರೂಪದಲ್ಲಿ ಮಾಡಿದಂತೆ. ಹಳೆಯ ಕ್ಯಾಸೆಟ್ಟುಗಳ ವಿಷಯವಂತೂ ತುರ್ತಿನದು. ಯುನೆಸ್ಕೋ ಮತ್ತು ಧ್ವನಿ-ದೃಶ್ಯ ಭಂಡಾರಗಳ ಅಂತರರಾಷ್ಟ್ರೀಯ ಸಂಘ 2019ರಲ್ಲಿಯೇ ಎಚ್ಚರಿಸಿದ್ದವು: 2025ರ ಸುಮಾರಿಗೆ ಕಾಂತೀಯ ಟೇಪುಗಳನ್ನು ಇಳಿಸಿಕೊಳ್ಳುವ ಸಾಮಾನ್ಯ ವ್ಯವಸ್ಥೆಗಳು ಮುಚ್ಚಲಿವೆ, ಯಂತ್ರಗಳಿಲ್ಲದೆ ಟೇಪು ಇದ್ದೂ ಇಲ್ಲದಂತಾಗಲಿದೆ. ಕರಾವಳಿಯ ಮಳೆಗಾಲದ ಬೂಷ್ಟು ಯಾವ ಗಡುವಿಗೂ ಕಾಯುವುದಿಲ್ಲ. ಕೆಲವು ವರ್ಷಗಳಿಂದ ಆಸಾಡಿ ಅಮಾಸಿಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಆಚರಿಸುತ್ತಾರೆ, ಮಾತಿನ ಸೊಗಸನ್ನು ಮೆರೆಸುತ್ತಾರೆ. ಆ ಮಾತನ್ನು ಮೈಕಿನ ಅರಿವಿಲ್ಲದೆ, ಮೊಮ್ಮಕ್ಕಳನ್ನು ನೀರಿನಿಂದ ಈಚೆ ಕರೆಯುತ್ತಾ, ಬುತ್ತಿ ಬಿಚ್ಚುತ್ತಾ ಆಡಿದ ಹಿರಿಯರ ದನಿ ಸೌಪರ್ಣಿಕೆಯ ದಂಡೆಯ ಆ ಕ್ಯಾಸೆಟ್ಟುಗಳಲ್ಲಿದೆ. ಅವರಲ್ಲಿ ಅನೇಕರು ಈಗಿಲ್ಲ. ಆಸಾಡಿಯ ಮಳೆ ಸುರಿಯುವ ಹೊತ್ತಿಗೆ ಅಟ್ಟದ ಮೇಲಿನ ಆ ಡಬ್ಬಿಯನ್ನು ಕೆಳಗಿಳಿಸಿ, ಒರೆಸಿ, ಓಡುವ ಯಂತ್ರವೊಂದನ್ನು ಹುಡುಕಿ ಎರಡು ಕಡೆ ನಕಲು ಮಾಡಿಟ್ಟರೆ, ಅಂದು ಹೊಟ್ಟೆಬಟ್ಟೆ ಕಟ್ಟಿ ಕೊಂಡ ಕ್ಯಾಮೆರಾದ ಬೆಲೆ ಇಂದು ಸಂದಂತಾಗುತ್ತದೆ.