ಯಾವ ಜಿಂದಾಲ್?

ತೋರಣಗಲ್ಲು ಕಡೆ 'ಜಿಂದಾಲ್' ಅಂದರೆ ಬಿಡಿಸಿ ಹೇಳಬೇಕಿಲ್ಲ. ಬಸ್ ಹತ್ತಿದವರಿಗೆ ಅದು ಇಳಿಯುವ ಜಾಗ, ಸಂಡೂರಿನವರಿಗೆ ಅದಿರು ಹೋಗುವ ಜಾಗ, ಹೊಸಪೇಟೆ ಹುಡುಗರಿಗೆ ಶಿಫ್ಟ್ ಕೆಲಸ. ಹಾಗಾಗಿ 2024ರಲ್ಲಿ 'ಹೈದರಾಬಾದ್ ಫುಟ್‌ಬಾಲ್ ತಂಡ ಜಿಂದಾಲ್ ಪಾಲು' ಅನ್ನುವ ಸುದ್ದಿ ಬಂದಾಗ ನಾವೂ ಏಮಾರಿದೆವು. ಬೆಂಗಳೂರು ತಂಡ ಇಟ್ಟುಕೊಂಡವರೇ ಇನ್ನೊಂದನ್ನೂ ಕೊಂಡರು ಅಂದುಕೊಂಡೆವು. ಅಲ್ಲ. ಹೈದರಾಬಾದ್ ಎಫ್‌ಸಿ ಕೊಂಡದ್ದು ಬಿ.ಸಿ. ಜಿಂದಾಲ್ ಸಮೂಹ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮತ್ತು ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯು ಸಮೂಹದ್ದು. ಹೆಸರು ಒಂದೇ, ಮನೆ ಬೇರೆ.

ನಮ್ಮ ಊರುಗಳಿಗೆ ಈ ಎರಡೂ ತಂಡ ಹೆಚ್ಚುಕಡಿಮೆ ಒಂದೇ ದೂರ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಬೆಂಗಳೂರು. ಕಂಪ್ಲಿ ಸೇತುವೆ ಮುಳುಗಿರದಿದ್ದರೆ ಗಂಗಾವತಿ, ರಾಯಚೂರು ದಾಟಿ ಹೈದರಾಬಾದ್. ಇಲ್ಲಿಂದ ಮ್ಯಾಚ್ ನೋಡಲು ಹೋಗುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ನಮ್ಮ ಹಾಗೆ ಮೊಬೈಲಿನಲ್ಲಿ ನೋಡುವವರು. ಆದರೂ ಹೈದರಾಬಾದಿನ ಕಥೆ ನಮಗೆ ಯಾಕೆ ಮುಖ್ಯ ಅಂತ ಹೇಳಬೇಕಿದೆ.

ಹಳೆಯ ಕಾಲದಲ್ಲಿ ತಂಡ ಮಾರುವ ಮಾತೇ ಇರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. 1891ರಿಂದ ನಡೆಯುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಗೆದ್ದರು. 1950ರಿಂದ 54ರವರೆಗೆ ಸತತ ಐದು ಸಲ ಅದೇ ಕಪ್ ಹೈದರಾಬಾದ್ ಸಿಟಿ ಪೊಲೀಸ್ ಪಾಲಾಯಿತು. ಅವರ ಕೋಚ್ ಸೈಯದ್ ಅಬ್ದುಲ್ ರಹೀಮ್ ಮುಂದೆ ಭಾರತ ತಂಡಕ್ಕೆ 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ತಂದುಕೊಟ್ಟರು. ಆಮೇಲೆ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳು ಬಂದವು. ಆಟಗಾರನಿಗೆ ಪೊಲೀಸ್ ಇಲಾಖೆಯಲ್ಲೋ ಕಾರ್ಖಾನೆಯಲ್ಲೋ ಕೆಲಸ, ಸಂಜೆ ಆಟ. ತಂಡ ಸೊರಗಬಹುದಿತ್ತು, ಮುಚ್ಚಿಯೂ ಹೋಗಬಹುದಿತ್ತು. ಆದರೆ ಯಾರೋ ಕೊಂಡು ಇನ್ನೊಂದು ಊರಿಗೆ ಹೊತ್ತೊಯ್ಯುವ ಹಾಗಿರಲಿಲ್ಲ.

ಐಎಸ್‌ಎಲ್ ಬಂದ ಮೇಲೆ ತಂಡ ಅಂದರೆ ಲೀಗ್‌ನಲ್ಲಿ ಆಡುವ ಹಕ್ಕು. ಆ ಹಕ್ಕು ಯಾರ ಕೈಯಲ್ಲಿದೆಯೋ ತಂಡ ಅವರದು. ಹೈದರಾಬಾದ್ ಎಫ್‌ಸಿ ಹುಟ್ಟಿದ್ದೇ ಹಾಗೆ. 2019ರಲ್ಲಿ ಎಫ್‌ಸಿ ಪುಣೆ ಸಿಟಿ ನಿಂತುಹೋಯಿತು, ಅದರ ಜಾಗಕ್ಕೆ ಹೊಸ ಮಾಲೀಕರು ಹೈದರಾಬಾದ್ ತಂಡ ತಂದರು. ಪುಣೆಯ ಅಭಿಮಾನಿಗಳ ಸಂಕಟ ಆಗ ಹೈದರಾಬಾದಿನವರ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ. ನಮ್ಮ ಕಣ್ಣಿಗಂತೂ ಬಿದ್ದಿರಲಿಲ್ಲ.

2022ರ ಮಾರ್ಚ್ 20ರಂದು ಗೋವಾದ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಹೈದರಾಬಾದ್ ಚಾಂಪಿಯನ್ ಆಯಿತು. ಮುಂದಿನ ಸೀಸನ್ ಲೀಗ್‌ನಲ್ಲಿ ಎರಡನೇ ಸ್ಥಾನ. ಅದರ ಮುಂದಿನದರಲ್ಲಿ ಕಟ್ಟಕಡೆಯ ಸ್ಥಾನ: 22 ಮ್ಯಾಚ್, ಒಂದೇ ಗೆಲುವು. ಆಟ ಮರೆತು ಸೋತದ್ದಲ್ಲ. ಸಂಬಳ ತಿಂಗಳುಗಟ್ಟಲೆ ಬರಲಿಲ್ಲ. ವಿದೇಶಿ ಆಟಗಾರರು ಒಪ್ಪಂದ ಮುರಿದು ಹೊರಟರು. ಬಾಕಿ ಕೊಡದ್ದಕ್ಕೆ ಹೊಸ ಆಟಗಾರರನ್ನು ಸೇರಿಸಿಕೊಳ್ಳದಂತೆ ಫಿಫಾ ತಡೆ ಹಾಕಿತು. ಕೊನೆಗೆ ಎಳೆ ಹುಡುಗರನ್ನು ಇಳಿಸಿ ಸೀಸನ್ ಮುಗಿಸಬೇಕಾಯಿತು. (ಸ್ಟ್ರಿಂಗರ್‌ಗಳಾದ ನಮಗೆ ಸಂಬಳ ಬಾರದ ತಿಂಗಳು ಹೊಸದಲ್ಲ. ಹಾಗಾಗಿ ಆ ಹುಡುಗರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ.)

ಗಚ್ಚಿಬೌಲಿ ಸ್ಟೇಡಿಯಂನ ಅಭಿಮಾನಿಗಳಿಗೆ ಸೋಲಿಗಿಂತ ಕಾಯುವುದೇ ಕಷ್ಟವಾಯಿತು. ಮಾರುತ್ತಾರಂತೆ, ಕೊಳ್ಳುತ್ತಾರಂತೆ, ಇನ್ನೂ ಕಾಗದಪತ್ರ ಆಗಿಲ್ಲವಂತೆ. ಎಲ್ಲವೂ ಅಂತೆಕಂತೆ. ಮಾಲೀಕರು ಬೇಡ ಅಂತ ಕೂಗುವವರಿಗೂ ಮಾರಾಟ ಬೇಗ ಮುಗಿಯಲಿ ಅನ್ನುವುದನ್ನು ಬಿಟ್ಟು ಬೇರೆ ಬೇಡಿಕೆ ಇರಲಿಲ್ಲ. 2024ರಲ್ಲಿ ಬಿ.ಸಿ. ಜಿಂದಾಲ್ ಸಮೂಹ ಬಂದಾಗ ಉಸಿರು ಬಂತು. ಅದು ಒಂದೇ ಸೀಸನ್ನಿನ ಉಸಿರು. 2025ರಲ್ಲಿ ತಂಡ ಊರು ಬಿಟ್ಟಿತು, ಹೆಸರು ಬಿಟ್ಟಿತು. ಈಗ ಅದು ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ. ಪುಣೆಯಿಂದ ಬಂದ ಹಕ್ಕು ದಿಲ್ಲಿಗೆ ಹೋಯಿತು, ಅಷ್ಟೇ. ಮಾಲೀಕರು ಬದಲಾದರೆ ಸಾಕು ಅಂದವರಿಗೆ ತಂಡವೇ ಇಲ್ಲದಂತಾಯಿತು.

ನಮ್ಮ ಕಡೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸಪೇಟೆ ಚಿತ್ತವಾಡ್ಗಿಯ ಐಎಸ್‌ಆರ್ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದಾಗ ಕಬ್ಬು ನಮ್ಮದಿತ್ತು, ಕಾರ್ಖಾನೆ ನಮ್ಮದಿರಲಿಲ್ಲ.

ಅಭಿಮಾನಿಗಳು ಗೆದ್ದದ್ದೂ ಇದೆ. 2020ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ತಂಡವನ್ನು ಎಟಿಕೆ ಜೊತೆ ಕೂಡಿಸಿ ಹೆಸರಿನ ಮುಂದೆ 'ಎಟಿಕೆ' ಅಂಟಿಸಿದರು. ನೂರಕ್ಕೂ ಹೆಚ್ಚು ವರ್ಷದ ಕ್ಲಬ್ಬಿನ ಅಭಿಮಾನಿಗಳು ಅದನ್ನು ಕಿತ್ತುಹಾಕಿ ಅಂತ ವರ್ಷಗಟ್ಟಲೆ ಹಟ ಹಿಡಿದರು, ಬೀದಿಗಿಳಿದರು. 2023ರ ಮಾರ್ಚ್ 18ರಂದು ತಂಡ ಫೈನಲ್ ಗೆದ್ದಾಗ ಮಾಲೀಕರೇ ಹೆಸರು ತೆಗೆಯುವುದಾಗಿ ಹೇಳಿದರು. ಆ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತದ್ದು ನಮ್ಮ ಬೆಂಗಳೂರು ಎಫ್‌ಸಿ. ಆದರೆ ಅವರಿಗೂ ಸಿಕ್ಕಿದ್ದು ಹೆಸರು, ಪಾಲಲ್ಲ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿನ ಲೀಗ್‌ನಲ್ಲಿ ಒಂದೆರಡು ಕ್ಲಬ್ ಬಿಟ್ಟರೆ ಉಳಿದೆಡೆ ಅರ್ಧಕ್ಕಿಂತ ಹೆಚ್ಚು ಮತ ಕ್ಲಬ್ಬಿನ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ.

ಬೆಂಗಳೂರು ಎಫ್‌ಸಿ ಮಾಲೀಕರನ್ನು ಹೈದರಾಬಾದಿನವರ ಸಾಲಿಗೆ ಸೇರಿಸುವುದು ಅನ್ಯಾಯ. 2013ರಲ್ಲಿ ಹುಟ್ಟಿದ ತಂಡ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಅದರ ವಸತಿ ಅಕಾಡೆಮಿ ಬೇರೆಲ್ಲೂ ಇಲ್ಲ, ಸಂಡೂರು ತಾಲ್ಲೂಕಿನ ನಮ್ಮ ತೋರಣಗಲ್ಲಿನಲ್ಲೇ ಇದೆ. ಮಿಜೋರಾಂ, ಮಣಿಪುರದ ಹುಡುಗರು ನಮ್ಮ ಬಿಸಿಲಿನಲ್ಲಿ ಓಡಿದ್ದಾರೆ.

ಆದರೂ 2025ರ ಆಗಸ್ಟ್‌ನಲ್ಲಿ ಇದೇ ಕ್ಲಬ್ ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟಾವಧಿಗೆ ನಿಲ್ಲಿಸಿತು. ಸುನಿಲ್ ಛೆಟ್ರಿ ಇದ್ದ ತಂಡ ಅದು. ಕಾರಣ, ಇಡೀ ಲೀಗ್ ಒಂದು ವ್ಯಾಪಾರಕ್ಕೆ ಸಿಕ್ಕಿಕೊಂಡಿತ್ತು. ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 15 ವರ್ಷಕ್ಕೆ ಮಾಡಿಕೊಂಡಿದ್ದ 700 ಕೋಟಿ ರೂಪಾಯಿಯ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು, ಮುಂದಿನದು ಕುದುರಲಿಲ್ಲ. ಲೀಗ್ ನಡೆಸುವ ಹಕ್ಕಿಗೆ ಟೆಂಡರ್ ಕರೆದರು. ನವೆಂಬರ್ 7ರ ಗಡುವಿಗೆ ಒಂದೇ ಒಂದು ಬಿಡ್ ಬರಲಿಲ್ಲ. ತುಂಗಭದ್ರಾ ಕಾಲುವೆಯ ಹೂಳೆತ್ತುವ ಟೆಂಡರಿಗೂ ಯಾರಾದರೂ ಬರುತ್ತಾರೆ! ಸೆಪ್ಟೆಂಬರ್ ಹೊತ್ತಿಗೆ ಶುರುವಾಗಬೇಕಿದ್ದ ಸೀಸನ್ 2026ರ ಫೆಬ್ರುವರಿ 14ರಂದು ಮೊಟಕಾಗಿ ಶುರುವಾಯಿತು.

ಸಂಬಳ ನಿಲ್ಲಿಸಿದ ಆ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು: ಕಿರಿಯರ ತಂಡಗಳಿಗೆ ತೊಂದರೆಯಿಲ್ಲ. ಆ ಒಂದು ಸಾಲನ್ನು ನಾವು ಎರಡೆರಡು ಸಲ ಓದಿದೆವು. ಹೈದರಾಬಾದಿನ ಎಳೆಯರೂ ಅಂಥದೇ ಹುಡುಗರು. ತೋರಣಗಲ್ಲಿನ ಅಕಾಡೆಮಿ ನಡೆಯುವುದು ಒಂದು ಮನೆತನಕ್ಕೆ ಆಟದ ಮೇಲೆ ಆಸೆ ಇರುವತನಕ. ಇವತ್ತಿಗೆ ಆ ಆಸೆ ಇದೆ.