ಬಿಸಿಲ ನಾಡಿನ ಮನೆಗೆ ಮಣ್ಣಿನ ಬಣ್ಣ

ಗಾಢ ಕಂದು, ಬೂದುಗಪ್ಪು, ಕಾವಿಗೆಂಪು ಮೊದಲಾದ ಮಣ್ಣಿನ ಛಾಯೆಗಳು ನಗರದ ಮನೆಗಳ ಗೋಡೆಗಳಿಗೆ ಹೊಸ ಮೆರುಗು ನೀಡುತ್ತಿವೆ. ವಿಜಯಪುರ ಸೀಮೆಗೆ ಈ ವರ್ಣಗಳು ಹೊಸವಲ್ಲ. 1656ರ ಹೊತ್ತಿಗೆ ಪೂರ್ಣಗೊಂಡ ಗೋಲಗುಂಬಜ ನಿಂತಿರುವುದು ಕಪ್ಪುಬೂದು ಬಣ್ಣದ ಬಸಾಲ್ಟ್ ಕಲ್ಲಿನಿಂದ. ತಿಕೋಟಾ, ಬಬಲೇಶ್ವರ ಭಾಗದ ರೈತರಿಗೆ ಎರೆಮಣ್ಣಿನ ಕಪ್ಪು ಚಿರಪರಿಚಿತ. ಹಳ್ಳಿಮನೆಗಳ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಹುರಮಂಜಿನ ಪಟ್ಟಿ ಎಳೆಯುವುದು ಹಿಂದಿನಿಂದ ಬಂದ ವಾಡಿಕೆ. ಈ ಕೆಂಪಿಗೆ ಕಬ್ಬಿಣದ ಆಕ್ಸೈಡ್ ಕಾರಣ. ಮ್ಯಾಂಗನೀಸ್ ಬೆರೆತ ಮಣ್ಣು ಗಾಢ ಕಂದು ಬಣ್ಣ ನೀಡುತ್ತದೆ.

ಹೊರಗೆ ತಿಳಿ, ಒಳಗೆ ಗಾಢ

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರಿನಲ್ಲಿ ಗಾಢ ಬಣ್ಣವನ್ನು ಎಲ್ಲಿ ಬಳಿಯಬೇಕು ಎಂಬುದು ಮುಖ್ಯ. ಗಾಢ ವರ್ಣ ಬಿಸಿಲನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಮಾಳಿಗೆ ಹಾಗೂ ಮಧ್ಯಾಹ್ನದ ಬಿಸಿಲಿಗೆ ಮೈಯೊಡ್ಡುವ ಪಶ್ಚಿಮದ ಹೊರಗೋಡೆಗೆ ಬಿಳಿ ಅಥವಾ ತಿಳಿ ಬಣ್ಣವೇ ಲೇಸು. ನೇರ ಬಿಸಿಲು ಬೀಳದ ಒಳಗೋಡೆಯ ಬಣ್ಣದಿಂದ ಸೆಕೆ ಹೆಚ್ಚುವುದು ಅತ್ಯಲ್ಪ; ಅಲ್ಲಿ ಕೊರತೆಯಾಗುವುದು ಬೆಳಕು.

ಬಣ್ಣವೊಂದು ಎಷ್ಟು ಬೆಳಕನ್ನು ಮರಳಿಸುತ್ತದೆ ಎಂಬುದನ್ನು 0ಯಿಂದ 100ರವರೆಗಿನ ಅಂಕಿಯಲ್ಲಿ ಅಳೆಯಲಾಗುತ್ತದೆ. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಅಂಕಿ ತಗ್ಗಿದಷ್ಟೂ ದೀಪ ಹೆಚ್ಚು ಬೇಕು. ಕಿಟಕಿ ಚಿಕ್ಕದಾಗಿರುವ ಕೋಣೆಯಲ್ಲಿ ಒಂದೇ ಗೋಡೆಗೆ ಗಾಢ ಬಣ್ಣ ಬಳಿದು, ಉಳಿದ ಗೋಡೆ ಹಾಗೂ ಛಾವಣಿಯನ್ನು ತಿಳಿಯಾಗಿ ಬಿಡುವುದು ಸೂಕ್ತ. ಮೊದಲು ಎರಡು ಅಡಿ ಚೌಕದಲ್ಲಿ ಬಳಿದು ಬೆಳಗ್ಗೆ, ಮಧ್ಯಾಹ್ನ ಮತ್ತು ರಾತ್ರಿಯ ದೀಪದಲ್ಲಿ ಪರೀಕ್ಷಿಸಬೇಕು. ಸವಳು ನೀರಿನಲ್ಲಿ ಕಟ್ಟಿದ ಗೋಡೆಯಿಂದ ಹೊರಬೀಳುವ ಉಪ್ಪಿನ ಬಿಳಿ ಕಲೆ ಗಾಢ ಬಣ್ಣದ ಮೇಲೆ ಎದ್ದು ಕಾಣುತ್ತದೆ. ತೇವದ ಮೂಲವನ್ನು ಸರಿಪಡಿಸದೆ ಬಣ್ಣ ಬಳಿದರೆ ಹಣ ವ್ಯರ್ಥ.

ಮಣ್ಣಿನ ಗೋಡೆಗೆ ಸುಣ್ಣವೇ ಸರಿ

ಮಣ್ಣು, ಗಚ್ಚಿನ ಹಳೆಯ ಗೋಡೆಗಳು ತೇವವನ್ನು ಹೀರಿ ಹೊರಬಿಡುತ್ತವೆ. ಅವುಗಳ ಮೇಲೆ ಎಣ್ಣೆಬಣ್ಣ ಅಥವಾ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಒಳಗೇ ಉಳಿದು ಬಣ್ಣ ಹಕ್ಕಳೆಯಾಗಿ ಏಳುತ್ತದೆ, ಗಿಲಾವು ಸಡಿಲಗೊಳ್ಳುತ್ತದೆ. ಇಂತಹ ಮನೆಗಳಿಗೆ ಸುಣ್ಣದ ತಿಳಿಯಲ್ಲಿ ಕೆಮ್ಮಣ್ಣು ಅಥವಾ ಹುರಮಂಜು ಬೆರೆಸಿ ಬಳಿಯುವುದು ಸುರಕ್ಷಿತ. ಸುಣ್ಣದ ಬಿಳುಪಿನಿಂದಾಗಿ ವರ್ಣ ತುಸು ತಿಳಿಯಾಗುತ್ತದೆ. ಒಣಗಿದ ಮೇಲೆ ಇನ್ನಷ್ಟು ತಿಳಿಯಾಗಿ ಕಾಣುತ್ತದೆ.

ಹಳೆಯ ಬಣ್ಣ ಕೆರೆಯುವ ಮುನ್ನ

ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ರೂಪುಗೊಂಡು 2017ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಅದಕ್ಕೂ ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸ ಹೆಚ್ಚಿರುವ ಸಾಧ್ಯತೆಯುಂಟು. ಅಂತಹ ಬಾಗಿಲು, ಕಿಟಕಿಗಳನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಮಾರಕ. ನೀರು ಚಿಮುಕಿಸಿ ಉಜ್ಜುವುದು, ಮುಖಕ್ಕೆ ಧೂಳು ತಡೆಯುವ ಮಾಸ್ಕ್ ಧರಿಸುವುದು, ಕೆಲಸ ಮುಗಿದು ನೆಲ ಒರೆಸುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡುವುದು ಅಗತ್ಯ. ಹೊಸ ಡಬ್ಬಿಯ ಮೇಲೆ ಸೀಸದ ಪ್ರಮಾಣ ಕುರಿತ ಮುದ್ರಣವನ್ನು ನೋಡಿಯೇ ಖರೀದಿಸಬೇಕು.