ಪಣಂ ಪಯಟ್ಟು: ಬಡವರ ಗೃಹಸಾಲದ ಕಥೆ

ಮೊದಲ ಬಾರಿಗೆ ತುಂಡು ಜಾಗ ಕೊಳ್ಳುವ ಬಡವನ ಬಳಿ ಬ್ಯಾಂಕಿಗೆ ಅಡವಿಡಲು ಏನಿರುತ್ತದೆ? ನಮ್ಮ ದೇಶದಲ್ಲಿ ಗೃಹಸಾಲಕ್ಕೆಂದೇ ಎಚ್‌ಡಿಎಫ್‌ಸಿ ಹುಟ್ಟಿದ್ದು 1977ರಲ್ಲಿ. ಅದಕ್ಕೆ ಮೊದಲೂ ಅನಂತರವೂ ಜನಸಾಮಾನ್ಯರು ಸೂರು ಕಟ್ಟಿಕೊಂಡದ್ದು ಬಹುಪಾಲು ನೆಂಟರಿಷ್ಟರ ಕೈಸಾಲದಿಂದಲೇ. ಆದರೆ ರಾಜರ ದಾನಶಾಸನಗಳನ್ನು ಓದುವ ನಾವು ಈ ಕೈಸಾಲದ ಚರಿತ್ರೆಯತ್ತ ಕಣ್ಣು ಹಾಯಿಸುವುದು ಅಪರೂಪ.

ಉತ್ತರ ಮಲಬಾರಿನ ವಡಗರ, ನಾದಾಪುರಂ ಕಡೆಯ ‘ಪಣಂ ಪಯಟ್ಟು’ ಈ ಚರಿತ್ರೆಯ ಒಂದು ಪುಟ. ‘ಕುರಿ ಕಲ್ಯಾಣ’ವೆಂದೂ ಅದಕ್ಕೆ ಹೆಸರಿದೆ. ಮನೆ ಕಟ್ಟಲು, ಜಾಗ ಕೊಳ್ಳಲು, ಮಗಳ ಮದುವೆಗೆ ಹಣ ಬೇಕಾದವನು ದಿನ ಗೊತ್ತುಮಾಡಿ ಕರೆಯೋಲೆ ಹಂಚುತ್ತಾನೆ. ಮನೆಯಲ್ಲೋ ಚಹಾದಂಗಡಿಯಲ್ಲೋ ಚಹಾ, ತಿಂಡಿ. ಬಂದವರು ಕೊಟ್ಟ ಹಣವನ್ನು ಒಬ್ಬ ಕುಳಿತು ಹೆಸರು ಸಹಿತ ಪುಸ್ತಕದಲ್ಲಿ ಬರೆಯುತ್ತಾನೆ. ಜಾಮೀನಿಲ್ಲ, ಅಡವಿಲ್ಲ. ಹಿಂದೂ, ಮುಸ್ಲಿಮ್ ಎಂಬ ಭೇದವೂ ಇಲ್ಲ. ನಮ್ಮ ಮದುವೆಮನೆಗಳ ಮುಯ್ಯಿಯ ಹತ್ತಿರದ ಬಂಧು ಇದು.

1970ರಲ್ಲಿ ಜಾರಿಗೆ ಬಂದ ಕೇರಳದ ಭೂಸುಧಾರಣೆಯಿಂದ ಹಳ್ಳಿಗಳ ಗುಡಿಸಲುವಾಸಿಗಳಿಗೆ 10 ಸೆಂಟ್ಸ್‌ವರೆಗೆ ಜಾಗ ಕೊಳ್ಳುವ ಹಕ್ಕು ದೊರೆಯಿತು. ಜಾಗವೇನೋ ಸಿಕ್ಕಿತು, ಗೋಡೆ ಏಳಬೇಕಲ್ಲ! 1973ರ ತೈಲಬೆಲೆ ಏರಿಕೆಯ ಬಳಿಕ ಗಲ್ಫ್‌ಗೆ ಹೊರಟವರಿಗೂ ಮೊದಲು ವೀಸಾದ ಹಣ, ಆಮೇಲೆ ಮನೆಯ ಹಣ ಬೇಕಿತ್ತು. ಇಂಥ ಹೊತ್ತಿನಲ್ಲಿ ಊರವರ ಕೈಯೇ ಬ್ಯಾಂಕು.

ಇದರ ಲೆಕ್ಕ ಸ್ವಾರಸ್ಯಕರ. 500 ಕೊಟ್ಟವನ ಸರದಿ ಬಂದಾಗ 1000 ಮರಳಿಸುವುದು ರೂಢಿ. ಅದರಲ್ಲಿ 500 ಹಳೆಯ ಸಾಲದ ತೀರುವಳಿ, ಉಳಿದ 500 ಹೊಸ ಸಾಲ. ಈಗ ಸಾಲಗಾರ ಆತ. ಹಾಗಾಗಿ ಇದನ್ನು ಬಡ್ಡಿಯೆಂದು ತಳ್ಳಿಹಾಕುವುದು ಅವಸರದ ತೀರ್ಪು ಎನಿಸುತ್ತದೆ. ಸಾಲವನ್ನು ಬರೆದಿಡಿರೆಂಬ ಕುರ್‌ಆನಿನ ಆದೇಶ (2:282) ಇಲ್ಲಿ ಪಾಲನೆಯಾಗುತ್ತಿರುವುದೂ ನಿಜ. ಆದರೆ ಅದೇ ಅಧ್ಯಾಯ ತುಸು ಮೊದಲು (2:280), ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎನ್ನುತ್ತದೆ. ಪಯಟ್ಟಿನಲ್ಲಿ ಮರಳಿಸಲಾಗದವನಿಗೆ ಕಾದಿರುವುದು ಅವಮಾನ. ಮುಂದಿನ ಪಯಟ್ಟಿಗೆ ಹಣ ಹೊಂದಿಸಲು ಬೇರೆಡೆ ಸಾಲ ಮಾಡಿದರಂತೂ ಸಹಾಯವೇ ಹೊರೆಯಾಗುತ್ತದೆ.

ಇನ್ನೊಂದು ಮಾತು. ಗಲ್ಫ್‌ನ ಟಿಕೆಟಿಗೆ, ಮನೆಯ ಅಡಿಪಾಯಕ್ಕೆ ಹೆಂಡತಿಯ ಬಂಗಾರ ಮಾರಿದವರು, ಅಡವಿಟ್ಟವರು ನಮ್ಮ ಕರಾವಳಿಯಲ್ಲೂ ಕಡಿಮೆಯಿಲ್ಲ. ಮಹರ್ ಆಗಿ ಸಿಕ್ಕ ಬಂಗಾರ ಅವಳ ಸ್ವಂತ ಸೊತ್ತು, ಗಂಡ ಪಡೆದರೆ ಅದೂ ಸಾಲವೇ. ನೆರೆಯವನ ನೂರು ರೂಪಾಯಿ ಪುಸ್ತಕದಲ್ಲಿ ಬರೆದಿಟ್ಟ ಎಷ್ಟೋ ಮನೆಗಳಲ್ಲಿ ಅವಳ ಬಳೆಗಳ ತೂಕವನ್ನು ಯಾರೂ ಬರೆದಿಡಲಿಲ್ಲ.